ಏಕನಾಥಮ್ಮಜ್ಜಿಯ ಆರು ಚೌಕ

ನವೆಂಬರ್ 9, ಭಾನುವಾರ

ಉಲ್ಲನ್ ಹೆಣಿಗೆಯ ಮೂರನೇ ಚೌಕವೂ ಡೊಂಕು. ಬಿಚ್ಚಿದೆ. ವಿಡಿಯೋದ ಹುಡುಗಿ ಮಾತಾಡುತ್ತಾ ಮಾತಾಡುತ್ತಾ ಮುಗಿಸಿಬಿಡುತ್ತಾಳೆ. ಕಡ್ಡಿಗೆ ಮೂವತ್ತೊಂದು ಕುಣಿಕೆ, ಸಾಲು ಬಿಟ್ಟು ಸಾಲು ನಟ್ಟನಡುವಿನ ಮೂರನ್ನು ಒಂದು ಮಾಡುವುದು — ಉದ್ದನೆ ಪಟ್ಟಿ ತಾನೇ ಮಡಚಿಕೊಂಡು ಚೌಕವಾಗುತ್ತದೆ. ಸಂಜೆಗೆ ಸರಿಯಾಗಿ ಬಂತು. ಹಳದಿ, ಗಿಣಿಹಸಿರು.

ಎದುರುಮನೆ ಏಕನಾಥಮ್ಮಜ್ಜಿಗೆ ತೋರಿಸಿದೆ. ನಾನು ಹೊಳಲ್ಕೆರೆಗೆ ಸೊಸೆಯಾಗಿ ಬಂದಾಗ ಕಡ್ಡಿ ಹಿಡಿಯಲು ಕಲಿಸಿದ್ದೇ ಅವರು. ತಮ್ಮ ಮೊಮ್ಮಗಳು ದಿವ್ಯಾಳ ಕೂಸಿಗೆ ಹೊದಿಕೆ ಮಾಡೋಣ ಎಂದರು. ಮೂವತ್ತು ಚೌಕ ನನ್ನವು, ಆರು ಅವರವು. ಈಗ ಅವರ ಕೈ ನಡುಗುತ್ತದೆ. ಆದರೂ ಹಟ.

ನವೆಂಬರ್ 22, ಶನಿವಾರ

ಅಜ್ಜಿಯ ಆರೂ ಬಂದವು. ಒಂದರ ಅಳತೆ ಒಂದಕ್ಕಿಲ್ಲ. ಒಂದರ ಮೂಲೆಯಲ್ಲಿ ನಾಲ್ಕು ಕುಣಿಕೆ ಒರಟು ಕಪ್ಪು ದಾರ... ಕಣ್ಣು ಮಂಜು, ಕೈಗೆ ಸಿಕ್ಕಿದ್ದನ್ನು ಸೇರಿಸಿದ್ದಾರೆ ಅಂದುಕೊಂಡೆ. ಅದೊಂದನ್ನು ಬಿಚ್ಚಿ ಹೆಣೆದೆ. ಪಕ್ಕದ್ದು ಕಣ್ಣಿಗೆ ಚುಚ್ಚಿತು. ಅದನ್ನೂ. ಕೊನೆಗೆ ಆರನ್ನೂ. ಕಪ್ಪು ತುಂಡು ಕಸದ ಬುಟ್ಟಿಗೆ.

ಚೆನ್ನಾಗಿ ಕಾಣುತ್ತಿದೆ. ಚೆನ್ನಾಗಿ ಕಾಣಲಿ ಅಂತಲೇ ಮಾಡಿದ್ದು.

ನವೆಂಬರ್ 30, ಭಾನುವಾರ

ಹೊಲಿದು ಮುಗಿಸಿ ಒಯ್ದು ಕೊಟ್ಟೆ. ತಮ್ಮವು ಯಾವುವು ಎಂದು ಕೇಳಿದರು, ತೋರಿಸಿದೆ. ಬೆರಳಾಡಿಸುತ್ತಾ ಕುಳಿತುಬಿಟ್ಟರು.

"ನೋಡೇ ದಾಕ್ಷಿ, ಎಷ್ಟು ನೆಟ್ಟಗೆ ಬಂದೈತೆ. ಕೈ ಸತ್ತೋಯ್ತು ಅಂತಿದ್ದೆ. ಇನ್ನೂ ಐತೆ."

ಹೂಂ ಅಂದೆ. ಆಮೇಲೆ ಮೂಲೆ ಮೂಲೆ ಹುಡುಕತೊಡಗಿದರು. ಕರಿ ಎಳೆ ಎಲ್ಲಿ? ಅಜ್ಜನ ಕಂಬಳಿಯದಂತೆ. ಕಂಬಳಿ ಅಜ್ಜನ ಜೊತೆಗೇ ಮಣ್ಣಿಗೆ ಹೋಯಿತು. ಅದಕ್ಕೂ ಮುಂಚೆ ಅಂಚಿನಿಂದ ಒಂದೇ ಒಂದು ಎಳೆ ಕಿತ್ತು ವಿಭೂತಿ ಡಬ್ಬಿಯಲ್ಲಿಟ್ಟಿದ್ದರು. ಹನ್ನೊಂದು ವರ್ಷ. ಕೂಸಿಗೆ ದೃಷ್ಟಿಗೂ ಆಯಿತು, ಮುತ್ತಜ್ಜ ಮುಟ್ಟಿದ ಹಾಗೂ ಆಯಿತು ಎಂದು.

ಹೊಲಿಗೆಯೊಳಗೆ ಹೋಗಿದೆ ಎಂದುಬಿಟ್ಟೆ. ಬಾಯಿಗೆ ಅದು ಎಲ್ಲಿಂದ ಬಂತೋ.

ಡಿಸೆಂಬರ್ 1

ಕಸದ ಗಾಡಿ ಹೋಗಿ ವಾರವಾಗಿದೆ. ಆದರೂ ಬುಟ್ಟಿ ಬೋರಲು ಹಾಕಿ ನೋಡಿದೆ. ನನ್ನ ಮಗನ ಕೆನ್ನೆಗೆ ಎಷ್ಟು ವರ್ಷ ಕಪ್ಪು ಬೊಟ್ಟಿಟ್ಟಿಲ್ಲ ನಾನು? ಆ ನಾಲ್ಕು ಕುಣಿಕೆ ನೋಡಿ ಯಾಕೆ ಹೊಳೆಯಲಿಲ್ಲ? ಅಂದಕ್ಕೆ ಬಿದ್ದೆ. ನಾಚಿಕೆಯಾಗುತ್ತಿದೆ.

ಡಿಸೆಂಬರ್ 4, ಗುರುವಾರ

ಅಜ್ಜಿ ಓಣಿಗೆಲ್ಲ ತೋರಿಸಿದ್ದಾರೆ. ತಿರುಗಿ ಕಡ್ಡಿ ಹಿಡಿದಿದ್ದಾರೆ, ಕೂಸಿಗೆ ಟೋಪಿಯಂತೆ. ಕುಣಿಕೆ ಜಾರುತ್ತಿವೆ. ಹೊದಿಕೆಯಲ್ಲಿ ಅಷ್ಟು ಚೆನ್ನಾಗಿ ಬಂತು, ಇದ್ಯಾಕೆ ಬರುತ್ತಿಲ್ಲ ಎಂದು ನನ್ನನ್ನೇ ಕೇಳಿದರು. ಚಳಿಗೆ ಅಂದೆ.

ಡಿಸೆಂಬರ್ 6, ಶನಿವಾರ. ಮಧ್ಯಾಹ್ನ 3

ನಾಳೆ ಹಿರಿಯೂರಿನಲ್ಲಿ ನಾಮಕರಣ. ಬೆಳಿಗ್ಗೆ ಅಜ್ಜಿ ಕರೆಸಿದರು. ಹೊದಿಕೆ ಹಾಸಿಕೊಂಡು ಕುಳಿತಿದ್ದರು, ಪಕ್ಕದಲ್ಲಿ ಕತ್ತರಿ.

"ಹೊಲಿಗೆ ಒಂಚೂರು ಬಿಚ್ಚಾಣ. ಕರಿ ಎಳೆ ಹೊರಗೆ ಕಾಣ್ಲಿ."

ಕತ್ತರಿ ಕಸಿದುಕೊಂಡೆ. ಹೇಳಿದೆ. ಆ ಎಳೆ ಇಲ್ಲ ಅಜ್ಜಿ, ತಪ್ಪಾಗಿ ಬಿದ್ದಿದೆ ಅಂದುಕೊಂಡು ಆ ಚೌಕ ಬಿಚ್ಚಿ ನಾನೇ ಹೆಣೆದೆ, ಎಳೆ ಕಸಕ್ಕೆ ಹೋಯಿತು.

ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು. ಆಮೇಲೆ ಉಳಿದ ಐದು ಚೌಕಗಳ ಮೇಲೆ ಒಂದೊಂದಾಗಿ ಕೈಯಿಟ್ಟರು.

"ಇವಾದ್ರೂ ನನ್ನವೇ ಅಲ್ವೇನೇ?"

ಹೌದು ಅಜ್ಜಿ, ಐದೂ ನಿಮ್ಮವೇ ಅಂದೆ. ಮುಖ ಅರಳಿತು. ನಾಳೆ ದಿವ್ಯಾಳ ಮುಂದೆ, ಬಂದವರೆಲ್ಲರ ಮುಂದೆ, ಎಣಿಸಿ ತೋರಿಸುತ್ತಾರಂತೆ. ನಾನು ಪಕ್ಕದಲ್ಲೇ ನಿಂತು ಹೂಂ ಅನ್ನಬೇಕು.