ಆರ್ಗನ್ ಮೇಲಿನ ಕನ್ನಡಿ

ಅಪ್ಪಾ,

ಇದನ್ನು ನಿಮ್ಮ ಓದುವ ಕೋಣೆಯ ಬಾಗಿಲಡಿ ತಳ್ಳುತ್ತಿದ್ದೇನೆ. ಎದುರು ನಿಂತು ಕೇಳಿದರೆ ನೀವು ಸಭಾಪಾಲಕರ ದನಿಯಲ್ಲೇ ಉತ್ತರಿಸುತ್ತೀರಿ, ಅಪ್ಪನ ದನಿಯಲ್ಲಿ ಅಲ್ಲ.

ಆರಾಧನೆಯಲ್ಲಿ ಎಲ್ಲರೂ ‘ನಂಬುತ್ತೇನೆ’ ಎಂದು ವಿಶ್ವಾಸ ಪ್ರಮಾಣ ಹೇಳುವಾಗ ನೀವು ಸಭೆಗೆ ಬೆನ್ನು ಮಾಡುತ್ತೀರಿ. ಆದರೆ ನಾನು ನುಡಿಸುವ ಆರ್ಗನ್ ಮೇಲಿನ ಪುಟ್ಟ ಕನ್ನಡಿಯಲ್ಲಿ ನಿಮ್ಮ ಬಾಯಿ ಕಾಣುತ್ತದೆ. ಅಮ್ಮ ತೀರಿಕೊಂಡ ಈ ಎಂಟು ತಿಂಗಳಿಂದ ‘ದೇಹದ ಪುನರುತ್ಥಾನವನ್ನು’ ಎಂಬಲ್ಲಿ ಅದು ಮುಚ್ಚಿಕೊಳ್ಳುತ್ತದೆ. ‘ನಿತ್ಯಜೀವವನ್ನು’ ಎಂಬಲ್ಲಿ ಮತ್ತೆ ತೆರೆಯುತ್ತದೆ. ಸತ್ತವರು ಮತ್ತೆ ಏಳುತ್ತಾರೆಂಬ ಆ ಒಂದು ಮಾತು ಬಿಟ್ಟರೆ ಉಳಿದದ್ದೆಲ್ಲ ಬರೀ ಉಪದೇಶ ಎಂದು ನಾನು ಓದುವ ಧರ್ಮದ ಕರಪತ್ರಗಳು ಹೇಳುತ್ತವೆ.

ಅಮ್ಮನ ಕನ್ನಡಕವನ್ನೂ ವಾರದೊಳಗೆ ಯಾರಿಗೋ ಕೊಟ್ಟುಬಿಟ್ಟಿರಿ. ಅವಳು ಏಳುತ್ತಾಳೆಂದು ನಂಬಿದವರು ಹಾಗೆ ಮಾಡುತ್ತಾರೆಯೇ? ದೊಡ್ಡಮ್ಮನನ್ನು ಕೇಳಿದೆ.

“ಎದ್ದ ಮೇಲೂ ಅವಳಿಗೆ ಕನ್ನಡಕ ಬೇಕಂದ್ರೆ ಅದೆಂಥ ಪುನರುತ್ಥಾನ ಕಣೇ? ನಿಮ್ಮಪ್ಪಂಗೆ ಗಂಟಲು ಕಟ್ಟತ್ತೆ, ಅಷ್ಟೆ. ಪತ್ತೇದಾರಿ ಬಿಟ್ಟು ಪಾತ್ರೆ ತೊಳಿ” ಎಂದರು.

ಪ್ರತಿ ಭಾನುವಾರ ಅದೇ ಎರಡು ಪದಕ್ಕೆ ಕಟ್ಟುವ ಗಂಟಲನ್ನು ನಾನು ನಂಬುವುದಿಲ್ಲ.

ಈ ಭಾನುವಾರ ನನ್ನ ದೃಢೀಕರಣ, ನಾನು ಸಭೆಯ ಪೂರ್ಣ ಸದಸ್ಯಳಾಗುವ ದಿನ. ‘ಇದನ್ನೆಲ್ಲ ನಂಬುತ್ತೀಯಾ?’ ಎಂದು ಎಲ್ಲರೆದುರು ನೀವೇ ನನ್ನನ್ನು ಕೇಳಬೇಕು. ತಾವೇ ನಂಬದ್ದನ್ನು ಕೇಳುವವರಿಗೆ ನಾನು ಹೌದೆನ್ನಲಾರೆ. ಅದಕ್ಕೇ ಶನಿವಾರದೊಳಗೆ ಅಡುಗೆಮನೆಗೆ ಬಂದು ಬಾಯಿಬಿಟ್ಟು ಹೇಳಿ. ನಂಬುವುದಿಲ್ಲ ಎಂದರೂ ಸಭೆಯ ಹಿರಿಯರಿಗೆ ತಿಳಿಸುವುದಿಲ್ಲ.

ಸಾವಾದ ಮನೆಗಳಿಗೆಲ್ಲ ಹೋಗಿ ಗಂಟೆಗಟ್ಟಲೆ ಕೂರುತ್ತೀರಿ. ನಮ್ಮ ಮನೆಯಲ್ಲೂ ಸಾವಾಗಿದೆ. ಇಲ್ಲಿಗೆ ನೀವಿನ್ನೂ ಬಂದಿಲ್ಲ.

ಪಕ್ಕದ ಕೋಣೆಯಿಂದ,
ನಿಮ್ಮ ಮಗಳು