ಬೆನ್ನಿಗೆ ಹತ್ತದ ಮಣ್ಣು

ಕೌಲ್ ಬಜಾರ್, ಬಳ್ಳಾರಿ
ಮಂಗಳವಾರ, 13-2-1951

ಪ್ರೀತಿಯ ತಮ್ಮ ಜಡೆಪ್ಪ,

ನಿನ್ನ ಎಡಭುಜ ಹೇಗಿದೆ? ಮೊದಲು ಅದನ್ನು ತಿಳಿಸು. ತೋಳು ಕಿವಿಯವರೆಗೆ ಏಳುತ್ತದೆಯೇ, ಮಲಗಿದಾಗ ಆ ಮಗ್ಗುಲಿಗೆ ಹೊರಳಬಲ್ಲೆಯಾ, ಎರಡನ್ನೂ ಬರೆ. ಮಲ್ಲಾಪುರದ ಅಣೆಕಟ್ಟಿನ ಕೆಲಸದಲ್ಲಿ ನಿನ್ನನ್ನು ಕಲ್ಲು ಹೊರುವ ಗುಂಪಿಗೆ ಹಾಕಿದ್ದಾರೆ ಎಂದು ಕೇಳಿದೆ. ಒಮ್ಮೆ ಇಳಿದ ಕೀಲಿನ ಮೇಲೆ ಭಾರ ಹೊರಬೇಡ. ಮೇಸ್ತ್ರಿಗೆ ಹೇಳಿ ಸಲಿಕೆಯ ಕೆಲಸ ಕೇಳಿಕೋ. ನಿನ್ನ ಅತ್ತಿಗೆ ಪಾರಮ್ಮ ಎಳ್ಳೆಣ್ಣೆಯಲ್ಲಿ ಬೆಳ್ಳುಳ್ಳಿ ಕಾಯಿಸಿ ಬಾಟಲಿ ತುಂಬಿದ್ದಾಳೆ. ನಮ್ಮ ಗರಡಿಯಲ್ಲಿ ಮೂವತ್ತು ವರ್ಷ ಎಲ್ಲರ ಕೀಲು ಕೂರಿಸಿದ ಜೋಗಪ್ಪ ನಾಳೆ ಮಗಳನ್ನು ನೋಡಲು ಹೊಸಪೇಟೆಗೆ ಹೊರಟಿದ್ದಾನೆ. ಅವನ ಕೈಯಲ್ಲಿ ಎಣ್ಣೆಯೂ ಈ ಕಾಗದವೂ ಬರುತ್ತವೆ. “ನನ್ನ ಮೈದುನ ಎಣ್ಣಿ ಹಚ್ಚಿಗೊಳ್ಳಾಕ ಬ್ಯಾಸರ ಮಾಡ್ತಾನ, ದಿನಾ ಎರಡು ಸಲ ಅಂತ ಬಾಟ್ಲಿ ಮ್ಯಾಲ ಬರದು ಅಂಟಸ್ರಿ” ಎಂದಳು. ಬರೆದು ಅಂಟಿಸಿದ್ದೇನೆ.

ನಾವು ಆರೋಗ್ಯವಾಗಿದ್ದೇವೆ. ಅವ್ವ ಸಿರುಗುಪ್ಪದಿಂದ ಬಂದು ಹತ್ತು ದಿನ ಇದ್ದು ಹೋದಳು. ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಬಸ್ಸು ಹತ್ತುವಾಗ ಮಾತ್ರ, “ದೊಡ್ಡಾವ ನೀನು, ಬಾಯಿ ನಿನಗ ಐತಿ. ಆ ಹುಡುಗಗ ಎಲ್ಲೈತೋ?” ಎಂದಳು. ನಾನು ಗಂಟನ್ನು ಒಳಗೆ ಕೊಟ್ಟೆ. ಬಸ್ಸು ಹೊರಟಿತು.

ಗರಡಿಗೆ ಈಗ ಹನ್ನೊಂದು ಜನ ಬರುತ್ತಾರೆ. ನೀನಿದ್ದಾಗ ಹದಿನೆಂಟು ಇದ್ದರು. ಕಳೆದ ಸೋಮವಾರ ಹೊಸ ಕೆಮ್ಮಣ್ಣು ತರಿಸಿ, ಮಜ್ಜಿಗೆ, ಅರಿಶಿನ, ಎಣ್ಣೆ ಹಾಕಿ ಅಗೆಸಿದೆ. ಅಗೆಸಿದೆ ಎಂದೇ ಬರೆಯಬೇಕು, ನಾನು ಅಗೆಯಲಿಲ್ಲ. ನೀನು ಹೋದಂದಿನಿಂದ ನಾನು ಮಣ್ಣಿಗೆ ಇಳಿದಿಲ್ಲ. ಕಟ್ಟೆಯ ಮೇಲೆ ಕುಳಿತು ಪಟ್ಟು ಹೇಳುತ್ತೇನೆ. ಜೋಗಪ್ಪ ಅದನ್ನೂ ಬಿಡುವುದಿಲ್ಲ: “ಕಟ್ಟಿ ಮ್ಯಾಲ ಕುಂತ ವಸ್ತಾದಗ ಹೊಟ್ಟಿ ಬರ್ತೈತಿ, ಮಾತು ಬರ್ತೈತಿ, ಮತ್ತೇನೂ ಬರಂಗಿಲ್ಲ.” ಹುಡುಗರು ನಕ್ಕರು. ನಾನೂ ನಕ್ಕೆ. ವಸ್ತಾದನಾದವನು ಶಿಷ್ಯರ ಜೊತೆ ಎಷ್ಟು ಮೈ ಬಗ್ಗಿಸಬೇಕು ಎಂದು ಯಾರಾದರೂ ಕೇಳಿದ್ದರೆ, ತಿಂಗಳ ಹಿಂದೆ ನನ್ನಲ್ಲಿ ಸಿದ್ಧ ಉತ್ತರವಿತ್ತು: ಅವರು ಎಷ್ಟು ದಂಡ ಹೊಡೆಯುತ್ತಾರೋ ಅಷ್ಟು, ಅದಕ್ಕಿಂತ ಒಂದು ಹೆಚ್ಚು. ನಲವತ್ತೊಂದನೆಯ ವಯಸ್ಸಿನಲ್ಲಿ ನಿನ್ನ ಸಮಕ್ಕೆ ಮುನ್ನೂರು ದಂಡ ಹೊಡೆದು, ಆಮೇಲೆ ನಿನ್ನೊಡನೆಯೇ ಕುಸ್ತಿ ಹಿಡಿಯುತ್ತಿದ್ದೆ. ಬ್ರೂಸ್‌ಪೇಟೆಯ ಅಂಗಡಿಯವರು ಗರಡಿಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ನಿಂತಿದ್ದಾರೆ ಎಂಬುದು ನನಗೆ ತಿರುಗಿ ನೋಡದೆಯೇ ಗೊತ್ತಾಗುತ್ತಿತ್ತು.

ನನ್ನ ವಸ್ತಾದರು ಹೊನ್ನೂರ್ ಸಾಹೇಬರನ್ನು ನೀನು ನೋಡಲಿಲ್ಲ. ನೀನು ಸಿರುಗುಪ್ಪದಿಂದ ಬರುವ ಎರಡು ವರ್ಷ ಮೊದಲೇ ಅವರು ತೀರಿಕೊಂಡರು. ಅವರೂ ನಮ್ಮ ಜೊತೆ ಮಣ್ಣು ಅಗೆಯುತ್ತಿದ್ದರು, ದಂಡ ಹೊಡೆಯುತ್ತಿದ್ದರು. ಆದರೆ ಕುಸ್ತಿಗೆ ಬಂದಾಗ ಒಂದು ವ್ಯತ್ಯಾಸವಿತ್ತು. ಅವರು ಗೆಲ್ಲಲು ಹಿಡಿಯುತ್ತಿರಲಿಲ್ಲ. ನಾವು ಪಟ್ಟು ಹಾಕಿದರೆ ಅದು ಕೂರುವವರೆಗೆ ಎದುರು ಬಲ ಕೊಟ್ಟು, ಕೂತ ಮೇಲೆ ಬಿದ್ದುಬಿಡುತ್ತಿದ್ದರು. ಒಂದು ಬೆಳಿಗ್ಗೆ ನಾನು ಅವರನ್ನು ಎತ್ತಿ ಒಗೆದು, ಭಯದಿಂದ ಕಾಲು ಹಿಡಿಯಲು ಹೋದೆ. ಬಿದ್ದಲ್ಲಿಂದಲೇ ಬೈದರು: “ಲೇ ಹುಲಗ್ಯಾ, ಕಾಲು ಬಿಡಲೇ! ಚೇಲಾ ಒಗದಾಗ ಬೆನ್ನಿಗಿ ಹತ್ತಿದ ಮಣ್ಣೈತಲ್ಲ, ಅದ ನನಗ ಗಂಧ. ಪೂರಾ ಒಗೀ. ಅರ್ಧಕ್ಕ ಬಿಟ್ಟರ ನಿನ್ನ ಕೈ ಅದನ್ನ ಕಲೀತೈತಿ.” ಆ ಮಾತನ್ನು ನಾನು ನಿನಗೆ ಎಂದೂ ಹೇಳಲಿಲ್ಲ. ಅದರ ಬದಲು ಊರಲ್ಲೆಲ್ಲ ನಡೆಯುವ ಮರ್ಯಾದೆಯನ್ನು ಕಲಿಸಿದೆ: ಇಳಿಯುವ ಮುನ್ನ ವಸ್ತಾದನ ಕಾಲು ಮುಟ್ಟು, ವಸ್ತಾದನ ಬೆನ್ನು ಮಣ್ಣಿಗೆ ತಾಗಬಾರದು. ನಿನಗೆ ನಾನು ವಸ್ತಾದನೂ ಹೌದು, ಅಣ್ಣನೂ ಹೌದು.

ಕುರುಗೋಡಿನ ಕುಸ್ತಿಯನ್ನು ನೆನೆಯದ ದಿನವಿಲ್ಲ. ಸಂಕ್ರಾಂತಿಯ ಮರುದಿನ, ಹೊತ್ತು ಇಳಿಯುತ್ತಿತ್ತು. ಹಚ್ಚೊಳ್ಳಿಯ ಮಾರೆಣ್ಣ ನಿನಗಿಂತ ಭಾರ, ಆದರೆ ಉಸಿರು ಕಡಿಮೆ. ಹನ್ನೆರಡು ನಿಮಿಷಕ್ಕೆ ಅವನ ಬಾಯಿ ತೆರೆಯಿತು. ನೀನು ಹಿಂದಿನಿಂದ ಸೊಂಟ ಹಿಡಿದೆ. ಎತ್ತಿದೆ. ಅವನ ಎರಡೂ ಪಾದಗಳು ನೆಲ ಬಿಟ್ಟಿದ್ದವು. ಜನ ಎದ್ದು ನಿಂತರು, ಜೋಗಪ್ಪ ಆಗಲೇ ರುಮಾಲನ್ನು ಮೇಲಕ್ಕೆ ಎಸೆದಿದ್ದ. ಆಗ ನಿನ್ನ ಎಡಗೈಯ ಬೆರಳುಗಳು ತೆರೆದುಕೊಂಡವು. ಯಾರೂ ಬಿಡಿಸಲಿಲ್ಲ, ತಾವಾಗಿಯೇ ತೆರೆದುಕೊಂಡವು. ಮಾರೆಣ್ಣ ಗಾಳಿಯಲ್ಲೇ ತಿರುಗಿ ನಿನ್ನ ಮೇಲೆ ಬಿದ್ದ. ಭುಜದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು.

“ಗೆದ್ದ ಕುಸ್ತಿ ಮಾರ್ಕೊಂಡ” ಎಂದು ಯಾರೋ ಕೂಗಿದರು. ನಾವು ಬಳ್ಳಾರಿ ಮುಟ್ಟುವ ಮೊದಲೇ ಆ ಮಾತು ಮುಟ್ಟಿತ್ತು. ಮರುದಿನ ಗರಡಿಯಲ್ಲಿ, ಎಲ್ಲರೂ ನನ್ನ ಮುಖ ನೋಡುತ್ತಿದ್ದಾಗ, ನಾನು ನಿನಗೆ ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ. ಬರೆಯದಿದ್ದರೆ ಹೇಳಲೇ ಇಲ್ಲವೆಂದು ಮುಂದೊಂದು ದಿನ ನಂಬಿಬಿಡುತ್ತೇನೆ. “ಸೋತು ಕೊಟ್ಟಾವ ನನ್ನ ಗರಡಿ ಹೊಸ್ತಿಲ ತುಳೀಬ್ಯಾಡ.” ನೀನು ಜೋಳಿಗೆಯಲ್ಲಿ ಕಟ್ಟಿದ್ದ ತೋಳಿನ ತುದಿಯಲ್ಲಿದ್ದ ನಿನ್ನ ಬೆರಳುಗಳನ್ನು ನೋಡಿಕೊಂಡೆ, ಬೇರೆ ಯಾರದೋ ಬೆರಳು ನೋಡುವಂತೆ. ಒಂದೇ ಕೈಯಲ್ಲಿ ಲಂಗೋಟಿ ಮಡಿಸಿ ಗೂಟಕ್ಕೆ ಹಾಕಿ ಹೋದೆ. ಅದು ಅಲ್ಲೇ ಇದೆ.

ನಾಲ್ಕು ವಾರ ಯೋಚಿಸಿದ ಮೇಲೆ ನನಗೆ ಹೊಳೆದದ್ದು ಇಷ್ಟು. ಎರಡು ವರ್ಷ, ವಾರಕ್ಕೆ ಆರು ದಿನ, ನೀನು ನನ್ನನ್ನು ಎತ್ತಿದ್ದೀಯ. ಮರ್ಯಾದೆಗಾಗಿ ಕೊನೆಯ ಗಳಿಗೆಯಲ್ಲಿ ಎಡಗೈ ಸಡಿಲಿಸಿದ್ದೀಯ. ಕೈಗೆ ಎದುರಿಗಿರುವವನು ಅಣ್ಣನೋ ಮಾರೆಣ್ಣನೋ ಗೊತ್ತಾಗುವುದಿಲ್ಲ. ಅದು ಕಲಿತದ್ದನ್ನು ಮಾಡಿತು. ನೀನು ಯಾರಿಗೂ ಸೋತು ಕೊಡಲಿಲ್ಲ. ನನಗೆ ಮೊದಲೇ ಗೊತ್ತಾಗಿದ್ದರೆ ನಿನ್ನನ್ನು ಬೇರೆ ಜೋಡಿಗೆ ಬಿಡುತ್ತಿದ್ದೆ. ಇದರಲ್ಲಿ ನಿನ್ನ ತಪ್ಪಿಲ್ಲ, ನನ್ನ ಅಜಾಗರೂಕತೆಯಿದೆ. ಕ್ಷಮಿಸು ಎಂದು ಕೇಳಲು ಸಂಕೋಚವಾಗುತ್ತದೆ, ಆದರೂ ಕೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಪಾರಮ್ಮ ನಿನ್ನ ತಟ್ಟೆಯನ್ನು ಈಗಲೂ ಕೆಳಗಿನ ಗೂಡಿನಲ್ಲೇ ಇಡುತ್ತಾಳೆ. ನಿನ್ನ ತೋಳಿಗೆ ಹಿಂದಿನ ಬಲ ಬರಲಿ. ಅದು ನನ್ನ ಆಶೀರ್ವಾದದಿಂದ ಬರುವಂಥದಲ್ಲ, ಆದರೂ ಬರಲಿ.

ನಿನ್ನ ಅಣ್ಣ
ಹುಲುಗಪ್ಪ

ತಾ.ಕ.: ಬೆಳಗಾಯಿತು. ಜೋಗಪ್ಪ ಬಾಗಿಲಲ್ಲಿ ನಿಂತು, “ಲೇ ಹುಲುಗಪ್ಪಾ, ರೈಲು ನಿಮ್ಮ ಮಾವಂದೇನು, ನಿನಗೋಸ್ಕರ ನಿಂದ್ರಾಕ?” ಎನ್ನುತ್ತಿದ್ದಾನೆ. ಅವಸರದಲ್ಲಿ ಬರೆಯುತ್ತೇನೆ. ಮೇಲೆ ‘ನಾಲ್ಕು ವಾರ ಯೋಚಿಸಿದ ಮೇಲೆ ಹೊಳೆದದ್ದು’ ಎಂದು ಬರೆದಿದ್ದೇನೆ. ಅದು ಸುಳ್ಳು. ಎರಡು ವರ್ಷದ ಹಿಂದೆ, ನಾಗರ ಪಂಚಮಿಯ ಬೆಳಿಗ್ಗೆ, ನೀನು ಮೊದಲ ಸಲ ಬೆರಳು ಸಡಿಲಿಸಿದಾಗಲೇ ನನ್ನ ಸೊಂಟಕ್ಕೆ ಗೊತ್ತಾಯಿತು. ಬಾಗಿಲಲ್ಲಿ ಜನ ನಿಂತಿದ್ದರು, “ವಸ್ತಾದ ಇನ್ನೂ ಹುಲಿ ಅದಾನ” ಎಂದರು. ನಾನು ಸುಮ್ಮನಿದ್ದೆ. ಮರುದಿನವೂ ನಿನ್ನನ್ನೇ ಕರೆದೆ. ನಮ್ಮ ಗರಡಿಯ ಎರ್ರಣ್ಣ ನಿನ್ನ ಜೋಡಿ ಕೇಳಲು ಬಂದಾಗ, “ಇವನ ಜೋಡಿ ನಾನು” ಎಂದು ಕಳಿಸಿದೆ. ಕುರುಗೋಡಿನಲ್ಲಿ ನಿನ್ನ ಬೆರಳು ತೆರೆದ ಗಳಿಗೆಯಲ್ಲಿ, ಆ ಅಷ್ಟು ಜನರಲ್ಲಿ, ಏನಾಯಿತೆಂದು ತಿಳಿದವನು ನಾನೊಬ್ಬನೇ. ತಿಳಿದೇ ಮರುದಿನ ಆ ಮಾತು ಆಡಿದೆ.

ಲಕೋಟೆ ಅಂಟಿಸಿಲ್ಲ. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಗರಡಿಗೆ ಹೋಗಿ ಹನ್ನೊಂದು ಜನರ ಮುಂದೆ ಇದನ್ನು ಓದಿ, ಆಮೇಲೆ ಜೋಗಪ್ಪನ ಕೈಗೆ ಕೊಡುತ್ತೇನೆ. ಸುಳ್ಳನ್ನು ಹೊಡೆದುಹಾಕಿಲ್ಲ, ಅದನ್ನೂ ಓದುತ್ತೇನೆ. ಓದಿದೆನೋ ಇಲ್ಲವೋ ಅವನನ್ನೇ ಕೇಳು. ನಾಳೆಯಿಂದ ಮಣ್ಣು ನಾನೇ ಅಗೆಯುತ್ತೇನೆ. ಭುಜ ಪೂರ್ತಿ ವಾಸಿಯಾದ ಮೇಲೆ ಬಾ, ಅವಸರವಿಲ್ಲ. ನನ್ನ ಬೆನ್ನಿಗೆ ಮಣ್ಣು ಹತ್ತಿ ಒಂಬತ್ತು ವರ್ಷವಾಯಿತು.