ಬಿಳಿ ಕಲೆಗೆ ಮೊದಲು ನೀರು

ಅಕ್ಕಾ,

ಇಲ್ಲಿ ಬಂಡೆ ಹತ್ತಲು ಜನ ಮುಗಿಬೀಳುತ್ತಾರೆ. ಕೈ ಜಾರದಿರಲೆಂದು ಬಿಳಿ ಪುಡಿ ಬಳಿದುಕೊಳ್ಳುತ್ತಾರೆ. ಬಂಡೆಯ ತುಂಬ ಅದರದೇ ಕೈಗುರುತು. ಅದನ್ನು ತೊಳೆಯುವುದೇ ನನ್ನ ಕೆಲಸ. ಮೊದಲ ದಿನ ಬಿಳಿ ಕಂಡಲ್ಲೆಲ್ಲ ಬಚ್ಚಲು ತಿಕ್ಕಿದ ಹಾಗೆ ತಿಕ್ಕಿಬಿಟ್ಟೆ. ಮೇಲ್ವಿಚಾರಕಿ ಓಡಿಬಂದರು: "ಅಯ್ಯೋ, ಅದು ಪುಡಿ ಅಲ್ಲ ಕಣ್ರೀ, ಕಲ್ಲುಹೂವು! ಕಲ್ಲಿಗಂಟಿ ಬದುಕೋ ಜೀವ, ಇಷ್ಟಗಲ ಬೆಳೆಯೋಕೆ ಅರ್ಧ ಆಯಸ್ಸು ಬೇಕು!" ತಿಕ್ಕಿದ ಕಡೆ ಕಲ್ಲು ಬೋಳಾಗಿದೆ.

ಈಗ ಮೊದಲು ನೀರು ಚಿಮುಕಿಸಿ ಕಾಯುತ್ತೇನೆ. ಪುಡಿಯಾದರೆ ಇಳಿದುಹೋಗುತ್ತದೆ, ಕಲ್ಲುಹೂವಾದರೆ ಕಣ್ಣೆದುರೇ ಹಸಿರಾಗುತ್ತದೆ! ಎಷ್ಟು ನೋಡಿದರೂ ಸಾಕೆನಿಸದು. ಭುಜನೋವು ಬಿಟ್ಟರೆ ಆರಾಮಾಗಿದ್ದೇನೆ.

ನಮ್ಮ ಹಿತ್ತಲಗೋಡೆಯಲ್ಲೂ ಬಿಳಿ ಮಚ್ಚೆಗಳಿದ್ದವಲ್ಲ? ಭಾವ ಸುಣ್ಣ ಹೊಡೆಸುವ ಮುಂಚೆ ಒಂದು ಚೊಂಬು ನೀರು ಎರಚಿ ನೋಡು. ಹಸಿರಾದರೆ ಅವರ ಕೈಹಿಡಿದು ನಿಲ್ಲಿಸು.

ನಿನ್ನ ತಂಗಿ